ಹುದ್ದೆ ಬಿಟ್ಟು ಬನ್ನಿ, ಕಸುಬು ತನ್ನಿ

ಕರ್ನಾಟಕದ ಸರ್ಕಾರಿ ನೌಕರನಿಗೆ 60 ತುಂಬಿದ ತಿಂಗಳ ಕೊನೆಯ ದಿನ ಕಚೇರಿಯಲ್ಲಿ ಒಂದು ಸಣ್ಣ ಸಮಾರಂಭ. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನಾಲ್ಕಾರು ಭಾಷಣ. ಪ್ರತಿ ಭಾಷಣದ ಕೊನೆಗೂ ‘ವಿಶ್ರಾಂತ ಜೀವನ ಸುಖಕರವಾಗಿರಲಿ’ ಎಂಬ ಹಾರೈಕೆ. ಅರವತ್ತು ಮುಟ್ಟಿದ ಭಾರತೀಯ ಅಲ್ಲಿಂದ ಮುಂದೆ ಸರಾಸರಿ 18 ವರ್ಷದ ಆಸುಪಾಸು ಬದುಕುತ್ತಾನೆ ಎನ್ನುತ್ತವೆ ಸರ್ಕಾರದ್ದೇ ಮಾದರಿ ನೋಂದಣಿ ಲೆಕ್ಕಗಳು. ಇವತ್ತು ಹುಟ್ಟಿದ ಕೂಸು ಮತದಾರನಾಗುವಷ್ಟು ಕಾಲ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹರಸಿದ ಹಾಗಾಯಿತು. ಅಷ್ಟುದ್ದದ ವಿಶ್ರಾಂತಿಯನ್ನು ಅರಗಿಸಿಕೊಳ್ಳುವವರು ಕಡಿಮೆ ಎಂಬುದನ್ನು, ಗುಮಾಸ್ತಿಕೆಯಿಂದ ನಿವೃತ್ತನಾಗಿ, ನಿವೃತ್ತರ ನಡುವೆಯೇ ದಿನ ಕಳೆಯುತ್ತಾ, ಅಲ್ಪಸ್ವಲ್ಪ ಸ್ವಯಂಸೇವೆಯನ್ನೂ ಮಾಡುತ್ತಾ ನಾನು ಅರಿತುಕೊಂಡಿದ್ದೇನೆ. ಪಿಂಚಣಿ ಇರುವವರಿಗೆ ನಿವೃತ್ತಿಯಲ್ಲಿ ಹಣದ ನಷ್ಟ ಅಷ್ಟೇನೂ ದೊಡ್ಡದಲ್ಲ. ಬೆಳಿಗ್ಗೆ ಹತ್ತಕ್ಕೆ ನಾವು ಮೇಜಿನ ಮುಂದೆ ಇರದಿದ್ದರೆ ‘ಯಾಕೆ ಬಂದಿಲ್ಲ’ ಎಂದು ಕೇಳುವವರು ಇದ್ದರಲ್ಲ, ಆ ಕೇಳುವವರು ಇಲ್ಲವಾಗುವುದೇ ದೊಡ್ಡ ನಷ್ಟ. ಬೈಯುವುದಕ್ಕಾದರೂ ಯಾರೋ ನಮ್ಮನ್ನು ಕಾಯುತ್ತಿದ್ದರು. ನಾನು ಹೇಳಹೊರಟಿರುವುದು ಇಷ್ಟು: ನಿವೃತ್ತನ ಬದುಕಿಗೆ ಗುರಿ ಮರಳುವುದು ಯಾರಾದರೂ ಮತ್ತೆ ಅವನಿಗಾಗಿ ಕಾಯುವಂತಾದಾಗ. ಸಮುದಾಯದ ಕೆಲಸ ಅದನ್ನು ಕೊಡಬಲ್ಲದು, ಆದರೆ ಒಂದು ಷರತ್ತಿನ ಮೇಲೆ. ಹುದ್ದೆಯನ್ನು ಹಿಂದೆ ಬಿಟ್ಟು ಬರಬೇಕು, ಕಸುಬನ್ನು ಜೊತೆಗೆ ತರಬೇಕು. ನಮ್ಮಲ್ಲಿ ಬಹುಮಂದಿ ಮಾಡುವುದು ಇದರ ತಿರುಗುಮುರುಗು.

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ದೇವಸ್ಥಾನದ ಟ್ರಸ್ಟು, ಹಿರಿಯ ನಾಗರಿಕರ ವೇದಿಕೆ, ಜಾತಿಗೊಂದು ಸಂಘ, ನಿವೃತ್ತ ನೌಕರರದ್ದೇ ಇನ್ನೊಂದು ಸಂಘ: ನಿವೃತ್ತರಿಗೆ ಮೊದಲು ತೆರೆಯುವ ಬಾಗಿಲುಗಳು ಇವು. ಒಳಗೆ ಹೋದವರು ಮೊದಲು ಹುಡುಕುವುದು ಕುರ್ಚಿಯನ್ನು. ಕಾರ್ಯದರ್ಶಿ, ಖಜಾಂಚಿ, ಉಪಾಧ್ಯಕ್ಷ. ಅದೂ ಸಾಲದಾದಾಗ ಗೌರವಾಧ್ಯಕ್ಷ. ಗೌರವಾಧ್ಯಕ್ಷ ಎಂಬ ಸ್ಥಾನವನ್ನು ಕಂಡುಹಿಡಿದ ಪುಣ್ಯಾತ್ಮರು ಯಾರೋ, ಕೆಲಸ ಬೇಡ ಮಾನ ಬೇಕು ಎನ್ನುವವರ ಕಷ್ಟವನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಇಂಥ ಸಂಘಗಳು ಬೇಡವೆಂದಲ್ಲ. ಬೀದಿದೀಪ, ಕಸದ ಗಾಡಿ, ಕಾವೇರಿ ನೀರಿನ ಸರದಿ, ಇವುಗಳ ಹಿಂದೆ ಬೀಳುವುದಕ್ಕೆ ಜನ ಬೇಕು. ಆದರೆ ಸಭೆ, ನಡಾವಳಿ, ಸನ್ಮಾನಗಳಲ್ಲೇ ಮುಗಿಯುವ ಕೆಲಸ ನಿವೃತ್ತನನ್ನು ಮತ್ತೆ ಹಳೆಯ ಕಚೇರಿಗೇ ಕರೆದೊಯ್ಯುತ್ತದೆ, ಸಂಬಳವೊಂದಿಲ್ಲ ಅಷ್ಟೆ. ಅಲ್ಲಿಯ ಬಡ್ತಿಯ ಜಗಳ ಇಲ್ಲೂ ಬರುತ್ತದೆ, ಚುನಾವಣೆಯಲ್ಲಿ ಸೋತವರು ಮರುದಿನದಿಂದ ಸಂಘದ ಕಡೆ ತಲೆ ಹಾಕುವುದಿಲ್ಲ. ಈ ಮಾತು ಬಂದಾಗೆಲ್ಲ ನಮ್ಮವರು ವಿಶ್ವೇಶ್ವರಯ್ಯನವರ ಹೆಸರು ಹೇಳುತ್ತಾರೆ, ದಿವಾನಗಿರಿ ಬಿಟ್ಟ ಮೇಲೂ ನಲವತ್ತು ವರ್ಷ ದುಡಿದರು ಎಂದು. ನಿಜ, ಆದರೆ ಅಷ್ಟು ಎತ್ತರದ ಉದಾಹರಣೆ ನಮಗೆ ಕೈಮುಗಿಯುವುದಕ್ಕೆ ಒದಗುತ್ತದೆಯೇ ಹೊರತು ಅನುಸರಿಸುವುದಕ್ಕಲ್ಲ. ಅದಕ್ಕಿಂತ ಕೈಗೆಟಕುವ ಮಾದರಿ ಡಿ.ವಿ. ಗುಂಡಪ್ಪನವರದು. ಅರವತ್ತರ ಹೊಸ್ತಿಲಿನಲ್ಲಿ, 1945ರಲ್ಲಿ, ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಇಳಿವಯಸ್ಸಿನಲ್ಲೂ ಅಲ್ಲಿ ಕುಳಿತು ಆಸಕ್ತರಿಗೆ ಪಾಠ ಹೇಳಿದರು. ಓದಿ ಹೇಳುವುದು ಅವರ ಕಸುಬು, ಅದನ್ನೇ ತಂದರು.

ಕಸುಬು ಎಂದರೆ ಎಷ್ಟು ಸಣ್ಣ ಸಂಗತಿಯಾಗಿರಬಹುದು ಎಂಬುದಕ್ಕೆ ನಾನು ಬಲ್ಲ ಗುಮಾಸ್ತಿಕೆಯನ್ನೇ ತೆಗೆದುಕೊಳ್ಳುತ್ತೇನೆ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರಬೇಕು. ಅರ್ಜಿ ನಾಡಕಚೇರಿಯಲ್ಲಿ, ದಾಖಲೆಯೂ ಹೆಚ್ಚೇನಿಲ್ಲ, ಹಾಗಾದರೆ ತೊಡಕು ಎಲ್ಲಿ? ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಮ್ಮ. ಒಂದು ಕಾಗದದಲ್ಲಿ ‘ಕೋಂ’ ಎಂದು ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆದದ್ದಾಗಿದೆ, ವರ್ಷವೂ ಅಂದಾಜಿನದು. ಮತದಾರರ ಚೀಟಿಯ ಪ್ರಕಾರ ಎಪ್ಪತ್ತಾದವರು ಆಧಾರ್ ಪ್ರಕಾರ ಅರವತ್ಮೂರು. ಕೂಲಿ ಮಾಡಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ. ಬ್ಯಾಂಕ್ ಖಾತೆ ಇದೆ, ಆಧಾರ್ ಜೋಡಣೆಯಾಗಿರುವುದು ಮಾತ್ರ ಎಂದೋ ಮರೆತ ಇನ್ನೊಂದು ಖಾತೆಗೆ. ಇಷ್ಟರಲ್ಲಿ ಯಾವುದೊಂದು ತಪ್ಪಿದರೂ ‘ನಾಳೆ ಬಾ ಅಜ್ಜಿ’. ಇಂಥ ಕಡೆ ನಿವೃತ್ತ ಅಧಿಕಾರಿಗೆ ಹುದ್ದೆಯ ನೆನಪಿದ್ದರೆ ಅವರು ತಹಶೀಲ್ದಾರರಿಗೆ ಒಂದು ಫೋನು ಮಾಡುತ್ತಾರೆ. ಆ ಅಜ್ಜಿಯ ಕೆಲಸ ಆಗಲೂಬಹುದು, ಆದರೆ ಅಜ್ಜಿಯ ಹಿಂದೆ ಸಾಲಿನಲ್ಲಿ ನಿಂತವರ ಕೆಲಸ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ, ವಶೀಲಿಯಿಲ್ಲದೆ ಏನೂ ನಡೆಯದು ಎಂಬ ಪಾಠವೂ ಎಲ್ಲರಿಗೂ ಮತ್ತೊಮ್ಮೆ ಮನವರಿಕೆಯಾಗುತ್ತದೆ. ಕಸುಬು ಬಲ್ಲ ಗುಮಾಸ್ತನ ದಾರಿ ಬೇರೆ. ಮೊದಲು ಯಾವ ಕಾಗದವನ್ನು ಯಾವುದಕ್ಕೆ ಸರಿಹೊಂದಿಸಬೇಕೆಂದು ಗೊತ್ತುಮಾಡಿಕೊಳ್ಳುತ್ತಾನೆ. ಅರ್ಜಿ ಕೊಟ್ಟೊಡನೆ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಕೇಳುತ್ತಾನೆ. 2011ರ ಸಕಾಲ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಸೇವೆಗೆ ಗಡುವಿದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಅದು ಯಾರ ಜೇಬಿನಿಂದ ಹೋಗಬೇಕೆಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅರ್ಜಿ ತಿರಸ್ಕಾರವಾದರೆ ಬಾಯಿಮಾತಿಗೆ ಒಪ್ಪದೆ ಹಿಂಬರಹ ಕೇಳುತ್ತಾನೆ, ಏಕೆಂದರೆ ಹಿಂಬರಹವಿಲ್ಲದೆ ಮೇಲ್ಮನವಿಯಲ್ಲಿ ಬರೆಯುವುದಕ್ಕೆ ಏನೂ ಇರುವುದಿಲ್ಲ. ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಮೂವತ್ತು ವರ್ಷ ಟಪಾಲು, ಟಿಪ್ಪಣಿ, ಕಡತ ಎಂದು ಬೇಸತ್ತ ಇದೇ ವಿದ್ಯೆ ಕೌಂಟರಿನ ಈಚೆ ಬದಿಯಲ್ಲಿ ಚಿನ್ನದಂಥ ಬೆಲೆ ಪಡೆಯುತ್ತದೆ. ವಾರದಲ್ಲಿ ಒಂದು ಗೊತ್ತಾದ ದಿನ ಪಂಚಾಯಿತಿಯ ಕಟ್ಟೆಯ ಮೇಲೆ ಅವನು ಕೂರಲು ಶುರುಮಾಡಿದರೆ, ಕೆಲವೇ ವಾರಗಳಲ್ಲಿ ಆ ದಿನ ಜನ ಅವನನ್ನು ಕಾಯುತ್ತಾರೆ. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುತ್ತಾರೆ. ನಿವೃತ್ತಿಯಲ್ಲಿ ಕೈತಪ್ಪಿದ್ದು ಹೀಗೆ ವಾಪಸ್ಸು ಬರುತ್ತದೆ.

‘ಗೊತ್ತಾದ ದಿನ’ ಎಂಬುದರ ಮೇಲೆ ನಾನು ಒತ್ತುಕೊಡುವುದಕ್ಕೆ ಕಾರಣವಿದೆ. ಬಿಡುವಾದಾಗ ಬಂದು ಮಾಡುತ್ತೇನೆ ಎಂಬ ಸೇವೆ ಮೊದಲ ಮಳೆಗೋ ಮೊದಲ ಮದುವೆ ಸೀಸನ್ನಿಗೋ ಕರಗಿಹೋಗುತ್ತದೆ. ನಮ್ಮ ನೆರೆಯ ಕೇರಳ ಇದನ್ನು ಬಹಳ ಹಿಂದೆಯೇ ತಿಳಿದುಕೊಂಡಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ವೈದ್ಯರ ಒಂದು ಸಣ್ಣ ಗುಂಪು ಕ್ಯಾನ್ಸರ್‌ನಂಥ ಕಾಯಿಲೆಗಳ ನೋವು ತಗ್ಗಿಸುವ ಕೆಲಸಕ್ಕೆ ಸೊಸೈಟಿಯೊಂದನ್ನು ಕಟ್ಟಿಕೊಂಡಿತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುವವರು ಬೇಕೆಂದು ಗೊತ್ತಾದಾಗ, ಅದರಿಂದಲೇ ಮಲಪ್ಪುರಂ ಕಡೆಯಲ್ಲಿ ನೆರೆಹೊರೆಯವರ ಜಾಲ ಹುಟ್ಟಿತು. ಅದರ ನಿಯಮ ಸರಳ: ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರು ಬನ್ನಿ, ಆದರೆ ಮೊದಲು ತರಬೇತಿ. ಹಾಸಿಗೆ ಹಿಡಿದವರ ಮಗ್ಗುಲನ್ನು ಹೇಗೆ ಬದಲಿಸುವುದು, ಹುಣ್ಣನ್ನು ಹೇಗೆ ತೊಳೆಯುವುದು, ಮನೆಯವರ ಮಾತನ್ನು ಅಡ್ಡಬಾಯಿ ಹಾಕದೆ ಹೇಗೆ ಕೇಳುವುದು, ಇವೆಲ್ಲ ಕಲಿತ ಮೇಲೆಯೇ ದಾದಿಯ ಜೊತೆ ಮನೆಮನೆ ಭೇಟಿ. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಗೆಂದೇ ನೀತಿ ರೂಪಿಸಿ ಪಂಚಾಯಿತಿಗಳನ್ನು ಈ ಕೆಲಸದ ಒಳಗೆ ತಂದಿತು. ಎರಡು ಗಂಟೆ ಏನು ಮಹಾ ಎನಿಸಬಹುದು. ಆದರೆ ಮಗ್ಗುಲು ಬದಲಿಸಿಕೊಳ್ಳಲಾಗದ ಮನುಷ್ಯನೊಬ್ಬ ಶನಿವಾರ ಬೆಳಿಗ್ಗೆ ಬಾಗಿಲ ಕಡೆ ನೋಡುತ್ತಿರುತ್ತಾನೆ ಎಂದು ಗೊತ್ತಿದ್ದರೆ, ಆ ಎರಡು ಗಂಟೆ ಇಡೀ ವಾರಕ್ಕೆ ಒಂದು ಆಕಾರ ಕೊಡುತ್ತದೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳೂ ಕೊನೆಗಾಲದ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿವೆ. ದೂರದ ಅಮೆರಿಕದ ಬಾಲ್ಟಿಮೋರ್ ನಗರದ್ದು ಇದಕ್ಕಿಂತ ಬಿಗಿಯಾದ ಕಟ್ಟಳೆ: ಅರವತ್ತು ದಾಟಿದವರನ್ನು ತರಬೇತಿ ಕೊಟ್ಟು, ತಂಡ ಮಾಡಿ, ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗಳಿಗೆ ಕಳಿಸಿದರು. ಓದಲು ತಡವರಿಸುವ ಮಕ್ಕಳ ಪಕ್ಕದಲ್ಲಿ ಕೂರುವುದು ಅವರ ಕೆಲಸ. ಬಸ್ಸು, ಊಟದ ಖರ್ಚಿಗೆಂದು ಒಂದಿಷ್ಟು ಭತ್ಯೆಯೂ ಇತ್ತು, ಅದು ಇಲ್ಲದಿದ್ದರೆ ಬಡ ನಿವೃತ್ತರು ಬರಲಾರರು ಎಂಬ ಅರಿವಿನಿಂದ.

ಸೇವೆ ಮಾಡಿದರೆ ಆಯುಸ್ಸು ಹೆಚ್ಚುತ್ತದೆ, ಮೆದುಳು ಚುರುಕಾಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳನ್ನು ನಾನು ಅಷ್ಟಾಗಿ ನಂಬುವವನಲ್ಲ. ಸಂಶಯ ನ್ಯಾಯವಾದದ್ದೇ: ಮಂಡಿ ಗಟ್ಟಿಯಿರುವವರು, ಮನಸ್ಸು ಪ್ರಸನ್ನವಾಗಿರುವವರು ತಾನೇ ಸೇವೆಗೆ ಹೊರಡುವುದು? ಹಾಗಿದ್ದಮೇಲೆ ಅವರು ಹೆಚ್ಚು ಕಾಲ ಬದುಕಿದರೆ ಅದರ ಕೀರ್ತಿ ಸೇವೆಗೆ ಹೇಗೆ ಸಲ್ಲುತ್ತದೆ? 50 ದಾಟಿದ ಸುಮಾರು 13 ಸಾವಿರ ಅಮೆರಿಕನ್ನರನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ವರ್ಷಕ್ಕೆ ನೂರು ಗಂಟೆಯಾದರೂ ಸ್ವಯಂಸೇವೆ ಮಾಡಿದವರಲ್ಲಿ ಸಾವಿನ ಮತ್ತು ಅಂಗಬಲ ಕುಂದುವ ಅಪಾಯ ಕಡಿಮೆಯಿತ್ತು ಎಂದಿತು. ಮೊದಲಿನ ಆರೋಗ್ಯವನ್ನು ಲೆಕ್ಕಕ್ಕೆ ಹಿಡಿದು ಹೇಳಿದ ಮಾತಾದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಬಾಲ್ಟಿಮೋರ್‌ನವರು 702 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ್ದರಿಂದ ಅವರ ಸಾಕ್ಷ್ಯಕ್ಕೆ ಹೆಚ್ಚು ತೂಕ. ಶಾಲೆಗೆ ಹೋದ ಗುಂಪಿನ ಹೆಂಗಸರ ನಡಿಗೆ ವಯಸ್ಸಿನೊಂದಿಗೆ ಇಳಿಯಲಿಲ್ಲ. ಗಂಡಸರಲ್ಲಿ ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗ ಕುಗ್ಗುವ ಬದಲು ತುಸು ಹಿಗ್ಗಿತು. ಲಾಭ ಎಲ್ಲರಿಗೂ ಒಂದೇ ತರಹ ಇರಲಿಲ್ಲ ಎಂಬುದೂ ಇದರಲ್ಲೇ ಇದೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಫಲಿತಾಂಶ. ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಪ್ರೌಢಶಾಲೆ ಮುಗಿಸಿದವರನ್ನು ದಶಕಗಳ ಕಾಲ ಬೆನ್ನುಹತ್ತಿದ ಅಧ್ಯಯನದಲ್ಲಿ, ಏತಕ್ಕಾಗಿ ಸೇವೆ ಮಾಡುತ್ತೀರಿ ಎಂದೂ ಕೇಳಿದ್ದರು. ಇತರರಿಗಾಗಿ ಎಂದವರಲ್ಲಿ ಸಾವು ಕಡಿಮೆಯಿತ್ತು. ನನ್ನ ನೆಮ್ಮದಿಗಾಗಿ, ನನ್ನ ಕಷ್ಟ ಮರೆಯುವುದಕ್ಕಾಗಿ ಎಂದವರು ಸೇವೆಯನ್ನೇ ಮಾಡದವರಿಗಿಂತ ಹೆಚ್ಚೇನೂ ಬದುಕಲಿಲ್ಲ. ಗುರಿ ಹುಡುಕಿಕೊಂಡು ಸೇವೆಗೆ ಹೊರಟವನಿಗೆ ಗುರಿ ಸಿಗುವುದು ಕಷ್ಟ, ಅಜ್ಜಿಯ ಅರ್ಜಿ ಸರಿಮಾಡಲು ಹೊರಟವನಿಗೆ ಅದು ದಾರಿಯಲ್ಲಿ ಸಿಕ್ಕಿಬಿಡುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದು ನನ್ನನ್ನು ಬಹಳ ದಿನ ಕಾಡಿದೆ. ಸರ್ಕಾರ ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆ ಮಾಡಿಕೊಟ್ಟರೆ ಸರ್ಕಾರ ಅದನ್ನು ಎಂದಾದರೂ ಮಾಡುತ್ತದೆಯೇ? ಪಿಂಚಣಿ ತಿನ್ನುವ ನಾನು ಶಾಲೆಯಲ್ಲಿ ಬಿಟ್ಟಿ ಪಾಠ ಹೇಳಿದರೆ, ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತ ಹುಡುಗಿಯ ಗತಿಯೇನು? ಇದು ಹುಸಿ ಭಯವಲ್ಲ. ನಮ್ಮ ಹಳ್ಳಿಗಳ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಆಶಾ ಕಾರ್ಯಕರ್ತೆಯರನ್ನು ಸರ್ಕಾರ ಇವತ್ತಿಗೂ ನೌಕರರೆಂದು ಕರೆಯುವುದಿಲ್ಲ, ಸ್ವಯಂಸೇವಕಿಯರೆಂದು ಕರೆಯುತ್ತದೆ; ಆ ಕಾರಣಕ್ಕೇ ಅವರಿಗೆ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಮತ್ತೆ ಮತ್ತೆ ಧರಣಿ ಕೂರುವುದು ಅದಕ್ಕೇ. ಸರ್ಕಾರಿ ಶಾಲೆಗಳಲ್ಲಿ ಸಾವಿರಾರು ಹುದ್ದೆಗಳು ಅತಿಥಿ ಶಿಕ್ಷಕರ ಹೆಗಲ ಮೇಲೆ ನಡೆಯುತ್ತಿವೆ. ಹೀಗಿರುವಾಗ ನಿವೃತ್ತರ ಸೇವೆಗೆ ಒಂದು ಗಡಿ ಬೇಕು. ಒಬ್ಬರಿಗೆ ಸಂಬಳ ಕೊಟ್ಟು ಮಾಡಿಸಬೇಕಾದ ಪೂರ್ಣ ಕೆಲಸವನ್ನು ನಾವು ಮುಟ್ಟಬಾರದು. ತರಗತಿ ತೆಗೆದುಕೊಳ್ಳುವುದು ಶಿಕ್ಷಕರ ಕೆಲಸ, ಖಾಲಿ ಹುದ್ದೆಯನ್ನು ತುಂಬಿ ಎಂದು ಬರೆಯುವುದು, ಬರೆದು ಬೆನ್ನುಹತ್ತುವುದು ನಮ್ಮ ಕೆಲಸ. ಆದರೆ ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕೂತು ಅದರ ತೊದಲು ಓದನ್ನು ಕೇಳಿಸಿಕೊಳ್ಳುವುದು ಯಾವ ಹುದ್ದೆಯ ಕರ್ತವ್ಯಪಟ್ಟಿಯಲ್ಲೂ ಇಲ್ಲ. ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂದು ಅಸರ್ ಸಮೀಕ್ಷೆಗಳು ಹೇಳುತ್ತಾ ಬಂದಿವೆ. ಇವರಿಗೆ ಬೇಕಾಗಿರುವುದು ಇನ್ನೊಂದು ಭಾಷಣವಲ್ಲ, ಅವಸರವಿಲ್ಲದೆ ಕೇಳುವ ಒಂದು ಕಿವಿ. ಅವಸರವಿಲ್ಲದಿರುವುದೊಂದೇ ನಿವೃತ್ತರಾದ ನಮ್ಮ ನಿಜವಾದ ಆಸ್ತಿ, ಅದನ್ನು ಖರ್ಚುಮಾಡಿದರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ.

‘ಮೂವತ್ತೈದು ವರ್ಷ ದುಡಿದಿದ್ದೇವೆ, ಸುಮ್ಮನಿರಲು ಬಿಡಿ’ ಎನ್ನುವವರಿಗೆ ನನ್ನಲ್ಲಿ ವಾದವಿಲ್ಲ. ಸುಮ್ಮನಿದ್ದು ಸುಖವಾಗಿರುವವರು ಇರಲಿ. ಈ ಲೇಖನ ಅವರಿಗಲ್ಲ. ಆದರೆ ‘ಎಲ್ಲ ನಿವೃತ್ತರೂ ಸೇವೆಗೆ ಬನ್ನಿ’ ಎಂಬ ಕರೆಯಲ್ಲಿ ಇಬ್ಬರು ಮರೆತುಹೋಗುತ್ತಾರೆ. ಒಬ್ಬರು, ನಿವೃತ್ತಿಯೇ ಇಲ್ಲದವರು: ರೈತ, ಕೂಲಿಯಾಳು, ಸೊಪ್ಪು ಮಾರುವಾಕೆ. ಎಪ್ಪತ್ತರಲ್ಲೂ ಹೊಲಕ್ಕೆ ಹೋಗುವವರ ಎದುರು ಸಾರ್ಥಕ ನಿವೃತ್ತಿಯ ಮಾತು ಪಿಂಚಣಿದಾರರ ಹರಟೆಯಾಗಿ ಕೇಳುತ್ತದೆ. ಒಪ್ಪುತ್ತೇನೆ, ಮತ್ತು ಅದಕ್ಕೆಂದೇ ಹೇಳುತ್ತೇನೆ: ಪಿಂಚಣಿ ಎಂಬುದು ಅವರೂ ಕಟ್ಟಿದ ತೆರಿಗೆಯಿಂದ ಬರುವ ಬಿಡುವು. ಅದರಲ್ಲಿ ವಾರಕ್ಕೆ ಎರಡು ಗಂಟೆ ಅವರ ಕಾಗದಪತ್ರಕ್ಕೆ ಹೋದರೆ ಅದು ದಾನವಲ್ಲ, ಬಾಕಿ ತೀರಿಕೆ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಪದ್ಧತಿಯವರು, ಅವರು ನಿವೃತ್ತರಾಗುವ ಹೊತ್ತಿಗೆ ಈ ಬಿಡುವು ಇಷ್ಟು ಧಾರಾಳವಾಗಿ ಇರಲಾರದು ಎಂಬುದೂ ನೆನಪಿರಲಿ. ಮರೆತುಹೋಗುವ ಇನ್ನೊಬ್ಬರು ಮನೆಯ ಹೆಂಗಸರು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರೇ ನಾಲ್ವರಲ್ಲಿ ಒಬ್ಬರು. ಗಂಡ ನಿವೃತ್ತನಾದ ಮರುದಿನ ಹೆಂಡತಿಯ ಕೆಲಸ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಹನ್ನೊಂದಕ್ಕೆ ಇನ್ನೊಂದು ಕಾಫಿ, ಮಧ್ಯಾಹ್ನ ಬಿಸಿ ಊಟ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬೆಂಗಳೂರಿಗೋ ಕ್ಯಾಲಿಫೋರ್ನಿಯಾಕ್ಕೋ ಕರೆ ಬಂದಾಗ ಮೊದಲು ಪೆಟ್ಟಿಗೆ ಕಟ್ಟುವವಳೂ ಅವಳೇ. ಹೀಗಿರುವಾಗ ಸಮಾಜಸೇವೆಗೆ ಹೊರಟ ನಿವೃತ್ತ ಗಂಡಸಿಗೆ ನನ್ನ ಸಲಹೆ ಒಂದೇ: ಮೊದಲ ಆರು ತಿಂಗಳ ಸ್ವಯಂಸೇವೆ ಅಡುಗೆಮನೆಯಲ್ಲಿ ಆಗಲಿ. ಅಲ್ಲಿ ಮೇಲಧಿಕಾರಿ ಯಾರೆಂಬ ಗೊಂದಲವಿರುವುದಿಲ್ಲ, ಹುದ್ದೆ ಬಿಟ್ಟು ಬರುವುದು ಹೇಗೆಂಬ ತರಬೇತಿಯೂ ಆಗುತ್ತದೆ.

ಹೊರಗೆ ಜಾಗಗಳಿಗೆ ಬರವಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು, ಮಕ್ಕಳಿಗೆ ಸದಸ್ಯತ್ವ ಉಚಿತ, ಪುಸ್ತಕಗಳಿವೆ, ಕೂತು ಓದಿ ಹೇಳುವವರು ಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನೇಮಿಸುವ ಅರೆಕಾನೂನು ಸ್ವಯಂಸೇವಕರಲ್ಲಿ ನಿವೃತ್ತ ಶಿಕ್ಷಕರಿಗೂ ನೌಕರರಿಗೂ ಅವಕಾಶವಿದೆ, ತರಬೇತಿ ಅವರೇ ಕೊಡುತ್ತಾರೆ. ಸರ್ಕಾರಿ ಶಾಲೆಗೆ ನೆರವಾಗಬೇಕೆಂದರೆ ವಿದ್ಯಾಂಜಲಿ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದು. ಹಿಂದೆ ರಕ್ತದಾನ ಮಾಡಿದ್ದವರು ಮತ್ತೆ ಮಾಡಲು ತಡಮಾಡಬೇಡಿ, ಆ ಬಾಗಿಲು 65ಕ್ಕೆ ಮುಚ್ಚುತ್ತದೆ. ಎಲ್ಲಿಗೆ ಹೋದರೂ ಮೂರು ವಿಷಯ ಮೊದಲೇ ಮಾತಾಡಿಕೊಳ್ಳಿ: ಯಾವ ದಿನ, ಯಾವ ಕೆಲಸ, ಯಾರಿಗೆ ಲೆಕ್ಕ ಒಪ್ಪಿಸಬೇಕು. ಲೆಕ್ಕ ಕೇಳುವವರು ನಿಮ್ಮ ಮಗಳ ವಯಸ್ಸಿನ ಗ್ರಂಥಪಾಲಕಿಯಾಗಿದ್ದರೆ ‘ಮೇಡಂ’ ಎಂದೇ ಕರೆಯಿರಿ. ‘ನಮ್ಮ ಕಾಲದಲ್ಲಿ’ ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಬನ್ನಿ. ಶಕ್ತಿ ಕುಂದಿದ ದಿನ ಬಿಟ್ಟುಕೊಡುವುದಕ್ಕೆ ಇನ್ನೊಬ್ಬರನ್ನು ಈಗಿನಿಂದಲೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಷ್ಟೆಲ್ಲ ಬೇಡ, ಒಂದು ಸಣ್ಣ ಕೆಲಸದಿಂದ ಶುರುಮಾಡುತ್ತೇನೆ ಎನ್ನುವವರಿಗೆ ನವೆಂಬರ್ ಇದೆ. ಪ್ರತಿ ವರ್ಷ ಆ ತಿಂಗಳು ಪಿಂಚಣಿದಾರರು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು. 2021ರಿಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಫೋನಿಗೆ ಮುಖ ತೋರಿಸಿಯೇ ಇದನ್ನು ಮುಗಿಸಬಹುದು, ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಿಲ್ಲ. ನಿಮ್ಮದನ್ನು ಮಾಡಿ ಮುಗಿಸಿದ ಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು, ನಿಮ್ಮದೇ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಕುಟುಂಬ ಪಿಂಚಣಿದಾರರ ಮನೆಗೆ ಹೋಗಿ, ಅವರದ್ದನ್ನೂ ಮಾಡಿಕೊಡಿ.